ಅಪ್‌ಡೇಟ್: ಮಗಳ ಕಾಲೇಜು ಅರ್ಜಿಯಲ್ಲಿ ಕನ್ನಡವನ್ನು ನಮೂದಿಸಿದ ಬಗೆ

ಕ್ಯಾಲಿಫೋರ್ನಿಯಾದಲ್ಲಿ ಹನ್ನೆರಡನೇ ತರಗತಿ ಓದುತ್ತಿರುವ ನನ್ನ ಮಗಳು ಮನೆಯಲ್ಲಿ ಕನ್ನಡವನ್ನೇ ಆಡುತ್ತಾಳೆ, ಆದರೆ ಬರವಣಿಗೆಯಲ್ಲಿ ಹಿಂದಿದ್ದಾಳೆ. ಇದನ್ನು ಅರ್ಜಿಯಲ್ಲಿ ಹೇಗೆ ತಿಳಿಸಬೇಕೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಅರ್ಜಿ ಈಗ ಸಲ್ಲಿಕೆಯಾಗಿದೆ.

ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಸಲ್ಲಿಸುವ ಆನ್‌ಲೈನ್ ವ್ಯವಸ್ಥೆ) ಪ್ರತಿಯೊಂದು ಭಾಷೆಗೂ ಮೊದಲ ಭಾಷೆ, ಮಾತು, ಓದು, ಬರಹ, ಮನೆಬಳಕೆ ಎಂದು ಪ್ರತ್ಯೇಕವಾಗಿ ಗುರುತಿಸುವ ಅವಕಾಶವಿರುವುದರಿಂದ, ಕನ್ನಡಕ್ಕೆ ಬರಹವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಗುರುತಿಸಿದೆವು. ಕನ್ನಡವನ್ನು ಮೊದಲ ಭಾಷೆಯೆಂದರೆ ಅವಳ ಇಂಗ್ಲಿಷ್ ಬಗ್ಗೆ ಸಂಶಯ ಬರಬಹುದೆಂಬುದು ನನ್ನ ದೊಡ್ಡ ಆತಂಕವಾಗಿತ್ತು. ಶಿಕ್ಷಣವೆಲ್ಲ ಇಂಗ್ಲಿಷ್ ಮಾಧ್ಯಮದಲ್ಲೇ ನಡೆದಿರುವುದು ಅಂಕಪಟ್ಟಿಯಿಂದಲೇ ತಿಳಿಯುವುದರಿಂದ ಚಿಂತಿಸಬೇಕಿಲ್ಲವೆಂದು ಶಾಲೆಯ ಕೌನ್ಸೆಲರ್ ಸ್ಪಷ್ಟಪಡಿಸಿದರು.

ವಾರಾಂತ್ಯದ ಕನ್ನಡ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಅಕ್ಷರಮಾಲೆ ಹೇಳಿಕೊಡುವುದನ್ನು ಮಾತ್ರ ಚಟುವಟಿಕೆಗಳ ಪಟ್ಟಿಯಲ್ಲಿ ಸೇರಿಸಿದಳು. ವಿವರಣೆಗೆ ಅಲ್ಲಿರುವುದು ಕೇವಲ 150 ಅಕ್ಷರಗಳು (ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ), ಆದ್ದರಿಂದ ‘ನಿರರ್ಗಳ’ ಎಂಬಂಥ ವಿಶೇಷಣಗಳನ್ನು ಕೈಬಿಟ್ಟು ಮಾಡುವ ಕೆಲಸವನ್ನಷ್ಟೇ ಬರೆದಳು. ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಕೆಲವರು ಸೂಚಿಸಿದ ‘ಸೀಲ್ ಆಫ್ ಬೈಲಿಟರಸಿ’ಯನ್ನು (ಇಂಗ್ಲಿಷ್ ಜೊತೆಗೆ ಇನ್ನೊಂದು ಭಾಷೆಯಲ್ಲೂ ಪ್ರಾವೀಣ್ಯವಿರುವ ವಿದ್ಯಾರ್ಥಿಗಳಿಗೆ ಕೊಡುವ ಮನ್ನಣೆ) ಸದ್ಯಕ್ಕೆ ನಮೂದಿಸಿಲ್ಲ. ಆ ಮನ್ನಣೆಗೆ ಓದು, ಬರಹಗಳಲ್ಲೂ ಪ್ರಾವೀಣ್ಯ ತೋರಿಸಬೇಕಾಗುತ್ತದೆ ಮತ್ತು ಅದು ದೊರೆಯುವುದು ಪ್ರೌಢಶಾಲೆಯ ಪದವಿಯೊಂದಿಗೆ. ಬರವಣಿಗೆಯ ಅಭ್ಯಾಸವನ್ನು ಅವಳು ಆರಂಭಿಸಿದ್ದಾಳೆ. ಒತ್ತಕ್ಷರಗಳೇ ಇನ್ನೂ ಕಾಡುತ್ತಿವೆ.