ಪದಚರ್ಚೆ: ಸೈಡ್‌ಕಾರ್ ಸರಿಸುವ ‘ಡಾಲಿ’ಗೆ ನಮ್ಮಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಒಂದು ಸಾಮಾನಿಗೆ ಹೆಸರು ಬೇಕಾಗಿದೆ. ಸಾಮಾನು ದೊಡ್ಡದೇನಲ್ಲ. ಕೆಳಗೆ ನಾಲ್ಕು ಪುಟ್ಟ ಗಾಲಿ ಕೂರಿಸಿದ ಮರದ ಹಲಗೆ, ಅಷ್ಟೇ. ಬೈಕಿನಿಂದ ಕಳಚಿದ ಸೈಡ್‌ಕಾರನ್ನು ಅದರ ಮೇಲೆ ಆನಿಸಿ ಶೆಡ್ಡಿನೊಳಗೆ ಅತ್ತಿತ್ತ ಸರಿಸುವುದಕ್ಕೆ ಮನೆಯಲ್ಲೇ ಮಾಡಿಕೊಳ್ಳುವಂಥದ್ದು. ಇಂಗ್ಲಿಷಿನವರು ಇದನ್ನು ಡಾಲಿ ಅಂತಾರೆ.

ಹಾಸನದಲ್ಲಿ ಹಳೆಯ ಬೈಕುಗಳನ್ನು ರಿಪೇರಿ ಮಾಡಿ ಓಡಿಸುವ ನಾವು ಕೆಲವರು ಸೇರಿ ಈ ಕೆಲಸಗಳ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಗ್ಯಾರೇಜಿಗೆ ಕೆಲಸ ಕಲಿಯಲು ಬರುವ ಹುಡುಗರಿಗೆ ಓದಿದ್ದು ಸೀದಾ ಕೈಗೆ ಹತ್ತಬೇಕು. ಹಿಂದೆ ಬುಲೆಟ್ಟಿಗೂ ಸ್ಕೂಟರಿಗೂ ಸೈಡ್‌ಕಾರ್ ಕಟ್ಟಿಸಿಕೊಂಡು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತಿದ್ದವರು ಸುಮಾರು ಜನ ಇದ್ದರು. ಅವುಗಳಲ್ಲಿ ಕೆಲವು ಈಗಲೂ ಕೊಟ್ಟಿಗೆಯಲ್ಲೋ ಕಾಫಿ ಗೋದಾಮಿನ ಮೂಲೆಯಲ್ಲೋ ಸಿಗುತ್ತವೆ. ಅವಕ್ಕೆ ಮತ್ತೆ ಜೀವ ಕೊಡುವ ಅಧ್ಯಾಯ ಬರೆಯುವಾಗ ಈ ಪದ ಅಡ್ಡ ಬಂತು.

ಬಸ್ಸು, ಬೈಕು ಅಂತ ಬರೆಯುವವರಿಗೆ ಡಾಲಿ ಅಂತ ಬರೆಯಲು ಏನು ಕಷ್ಟ ಅಂತ ನೀವು ಕೇಳಬಹುದು. ಹೊರಗಿನಿಂದ ಬಂದ ಪದ ಅಂತ ನನಗೆ ಬೇಸರವಿಲ್ಲ. ಡಾಲಿ ಅನ್ನುವ ಹೆಸರು ಗ್ಯಾರೇಜಿನಲ್ಲಿ ಆಗಲೇ ಬೇರೆಯದಕ್ಕೆ ಹೋಗಿಬಿಟ್ಟಿದೆ, ತೊಂದರೆ ಅಲ್ಲಿದೆ. ಟಿಂಕರಿಂಗ್ ಮಾಡುವವರು ನೆಗ್ಗಿದ ತಗಡನ್ನು ಸರಿಮಾಡುವಾಗ ಹಿಂದಿನಿಂದ ಕಬ್ಬಿಣದ ಒಂದು ದಪ್ಪ ತುಂಡನ್ನು ಒತ್ತಿ ಹಿಡಿದು, ಮುಂದಿನಿಂದ ಸುತ್ತಿಗೆಯಲ್ಲಿ ತಟ್ಟುತ್ತಾರಲ್ವಾ, ಆ ತುಂಡಿನ ಹೆಸರೂ ಡಾಲಿಯೇ. ಹಳೆಯ ಸೈಡ್‌ಕಾರುಗಳ ಮೈ ತಗಡಿನದು. ಅದನ್ನು ಹಲಗೆಯ ಮೇಲೆ ನಿಲ್ಲಿಸಿಕೊಂಡೇ ನೆಗ್ಗು ತೆಗೆಯಬೇಕು. ಅಂದರೆ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ, ಎರಡು ಡಾಲಿ. “ಡಾಲಿ ತಗೊಂಡು ಬಾರೋ” ಅಂದರೆ ಹುಡುಗ ಕಬ್ಬಿಣದ ತುಂಡು ತರುತ್ತಾನೆ. ಅವನು ತಂದದ್ದು ಸರಿಯೇ.

ಇನ್ನೊಂದು ಕಡೆಯಿಂದಲೂ ತೊಡಕಿದೆ. ನಮ್ಮ ಜಿಲ್ಲೆಯವರಿಗೆ ಡೋಲಿ ಅಂದರೆ ಶ್ರವಣಬೆಳಗೊಳ ನೆನಪಾಗುತ್ತದೆ. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಲಾಗದ ವಯಸ್ಸಾದವರನ್ನು ಹೊತ್ತುಕೊಂಡು ಹೋಗುವುದು ಡೋಲಿಯಲ್ಲಿ. ಮಲೆನಾಡಿನ ರಸ್ತೆಯಿಲ್ಲದ ಊರುಗಳಿಂದ ಕಾಯಿಲೆಯವರನ್ನು ಗಳುವಿಗೆ ಕಂಬಳಿ ಕಟ್ಟಿ ಹೊತ್ತು ತರುವುದನ್ನೂ ಕೆಲವರು ಜೋಲಿ ಅಂತಾರೆ, ಕೆಲವರು ಡೋಲಿ ಅಂತಾರೆ. ಈ ಡೋಲಿಗೂ ಇಂಗ್ಲಿಷಿನ ಡಾಲಿಗೂ ಯಾವ ನಂಟೂ ಇಲ್ಲ. ನಮ್ಮದರ ಬೇರು ಸಂಸ್ಕೃತದ ದೋಲಾ, ಅಂದರೆ ಉಯ್ಯಾಲೆ. ದೇವಸ್ಥಾನಗಳ ಡೋಲೋತ್ಸವದಲ್ಲಿ ಇರುವುದೂ ಅದೇ. ಇಂಗ್ಲಿಷಿನದು ಡೊರೊಥಿ ಅನ್ನುವ ಹೆಣ್ಣುಮಕ್ಕಳ ಹೆಸರಿನ ಮುದ್ದಿನ ರೂಪ. ಅದು ಮೊದಲು ಗೊಂಬೆಗೆ ಬಂತು, ಆಮೇಲೆ ಒಂದೊಂದಾಗಿ ಎಷ್ಟೋ ಉಪಕರಣಗಳಿಗೆ ಅಂಟಿಕೊಂಡಿತು. ಬೇರು ಏನೇ ಇರಲಿ, ಕಿವಿಗೆ ಎರಡೂ ಹತ್ತಿರ. ಒಂದು ಹೆಗಲ ಮೇಲೆ ತೂಗುವುದು, ಇನ್ನೊಂದು ನೆಲದ ಮೇಲೆ ಉರುಳುವುದು. ಓದುವ ಹುಡುಗನ ತಲೆಯಲ್ಲಿ ಮೊದಲು ಮೂಡುವುದು ಹೊರುವ ಚಿತ್ರವಾದರೆ ನನ್ನ ವಿವರಣೆ ಅಲ್ಲೇ ದಾರಿ ತಪ್ಪುತ್ತದೆ.

ಪದ ಹುಡುಕುವ ಮೊದಲು ಸಾಮಾನು ಏನು ಕೆಲಸ ಮಾಡುತ್ತದೆ ಅಂತ ಸರಿಯಾಗಿ ಹೇಳಿಬಿಡುತ್ತೇನೆ. ಅದು ತಿಳಿಯದೆ ಇಟ್ಟ ಹೆಸರು ನಿಲ್ಲುವುದಿಲ್ಲ.

ಸೈಡ್‌ಕಾರಿಗೆ ಇರುವುದು ಒಂದೇ ಗಾಲಿ. ನಮ್ಮ ದೇಶದಲ್ಲಿ ಅದು ಬೈಕಿನ ಎಡಕ್ಕೆ ಇರುತ್ತದೆ. ಬೈಕಿಗೆ ಸಾಮಾನ್ಯವಾಗಿ ಮೂರೋ ನಾಲ್ಕೋ ಕಡೆ ಬೋಲ್ಟಿನಲ್ಲಿ ಹಿಡಿದಿರುತ್ತದೆ. ಆ ಬೋಲ್ಟುಗಳು ಬಿಚ್ಚಿದ ಕೂಡಲೇ ಒಳಬದಿಗೆ, ಅಂದರೆ ಬೈಕಿನ ಕಡೆಗೆ, ಆಧಾರವೇ ಇಲ್ಲ. ಎತ್ತು ಬಿಚ್ಚಿದ ಗಾಡಿ ಮೂಕಿ ಊರಿಕೊಂಡು ಬಾಗುವ ಹಾಗೆ ಇದೂ ಒಂದು ಬದಿಗೆ ಬಾಗಿ ಕೂರುತ್ತದೆ. ಆಮೇಲೆ ಇಬ್ಬರು ಎತ್ತಿ ಹಿಡಿಯದೆ ಕದಲುವುದಿಲ್ಲ. ಹಲಗೆ ಬೇಕಾಗುವುದು ಇಲ್ಲಿ. ಹೊರಬದಿಯನ್ನು ಸೈಡ್‌ಕಾರಿನ ಸ್ವಂತ ಗಾಲಿ ನೋಡಿಕೊಳ್ಳುತ್ತದೆ, ಒಳಬದಿಯನ್ನು ಹಲಗೆ ಹೊರುತ್ತದೆ. ಪೂರ್ತಿ ಹೊರೆ ಹಲಗೆಯ ಮೇಲೆ ಬೀಳುವುದಿಲ್ಲ. ಸೈಡ್‌ಕಾರ್ 80 ಕಿಲೊ ಅಂದುಕೊಳ್ಳಿ. ಹೆಚ್ಚುಕಮ್ಮಿ ಅರ್ಧ ಅದರ ಗಾಲಿಗೆ, ಅರ್ಧ ಹಲಗೆಗೆ.

ಆ 40 ಕಿಲೊವನ್ನು ನಾಲ್ಕು ಗಾಲಿಗೆ ಹಂಚಿ ತಲಾ 10 ಅಂತ ಲೆಕ್ಕ ಹಾಕಬಾರದು. ನೆಲ ಏರುಪೇರಾಗಿದ್ದರೆ ನಾಲ್ಕರಲ್ಲಿ ಒಂದು ಗಾಲಿ ನೆಲ ಬಿಟ್ಟಿರುತ್ತದೆ. ಮೂರರಿಂದಲೇ ಭಾಗಿಸಿ, ಅದರ ಮೇಲೆ ಒಂದಿಷ್ಟು ಜಾಸ್ತಿ ಹೊರುವ ಗಾಲಿ ತರಬೇಕು. ಸೋಫಾಕ್ಕೆ ಹಾಕುವ ಎರಡು ಇಂಚಿನ ಗಾಲಿ ಅಗ್ಗ, ಆದರೆ ಸಿಮೆಂಟು ನೆಲದ ಸಣ್ಣ ಬಿರುಕಿನಲ್ಲೂ ಸಿಕ್ಕಿಕೊಳ್ಳುತ್ತದೆ. ನಾಲ್ಕು ಇಂಚಿನದು, ರಬ್ಬರು ಮೈಯದು, ಸಲೀಸಾಗಿ ದಾಟುತ್ತದೆ. ಹಲಗೆಗೆ 19 ಮಿಲಿಮೀಟರ್ ಪ್ಲೈವುಡ್ ಸಾಕು. ಚಿಕ್ಕಮಗಳೂರು ಕಡೆಯ ನಮ್ಮ ಸ್ನೇಹಿತರು ತೋಟದ ಸಿಲ್ವರ್ ಮರದ ಹಲಗೆಯನ್ನೇ ಬಳಸುತ್ತಾರೆ. ಹಲಗೆಯ ಮೇಲೆ ಅಡ್ಡಲಾಗಿ ಎರಡು ದಪ್ಪ ರೀಪರ್ ಹೊಡೆದು, ಚಾಸಿಯ ಪೈಪು ಕೂರುವಂತೆ ಅವುಗಳಲ್ಲಿ ಕಚ್ಚು ಹಾಕಬೇಕು. ಕಚ್ಚಿಗೆ ಹಳೆಯ ಟ್ಯೂಬಿನ ರಬ್ಬರು ಹಾಸಿದರೆ ಪೈಪಿನ ಬಣ್ಣವೂ ಉಳಿಯುತ್ತದೆ, ಪೈಪು ಜಾರುವುದೂ ಇಲ್ಲ.

ಎತ್ತರದ ವಿಷಯ ತುಂಬ ಮುಖ್ಯ. ಗಾಲಿ, ಹಲಗೆ, ರೀಪರ್ ಎಲ್ಲ ಸೇರಿ ಬರುವ ಎತ್ತರ ಬೈಕಿನಲ್ಲಿ ಸೈಡ್‌ಕಾರ್ ಕೂರುವ ಎತ್ತರಕ್ಕೇ ಸರಿಹೋಗಬೇಕು. ಹಾಗಿದ್ದರೆ ಮತ್ತೆ ಜೋಡಿಸುವಾಗ ಹಲಗೆ ಸರಿಸಿಕೊಂಡು ಬಂದು ಬೈಕಿನ ಪಕ್ಕ ನಿಲ್ಲಿಸಿದರೆ ಬೋಲ್ಟಿನ ತೂತುಗಳು ಎದುರುಬದುರು ಬರುತ್ತವೆ. ಒಬ್ಬರೇ ಬೋಲ್ಟು ಹಾಕಬಹುದು. ಇಲ್ಲದಿದ್ದರೆ ಒಬ್ಬರು ಎತ್ತಬೇಕು, ಒಬ್ಬರು ತೂತಿಗೆ ಕಣ್ಣಿಡಬೇಕು, ಬೆರಳು ಸಿಕ್ಕಿಹಾಕಿಕೊಳ್ಳುವುದೂ ಅಲ್ಲೇ.

ಹಲಗೆಯ ನಾಲ್ಕು ಗಾಲಿಯೂ ಸುತ್ತ ತಿರುಗುವಂಥವೇ ಆಗಿರಬೇಕು. ಸೈಡ್‌ಕಾರಿನ ಸ್ವಂತ ಗಾಲಿ ಹೇಗೂ ದಿಕ್ಕು ಬದಲಿಸುವುದಿಲ್ಲ. ಇವೂ ಬದಲಿಸದಿದ್ದರೆ ತಿರುಗಿಸಲು ಆಗುವುದೇ ಇಲ್ಲ. ಅವುಗಳಲ್ಲಿ ಎರಡಕ್ಕಾದರೂ ಬ್ರೇಕು ಬೇಕು, ಇಳಿಜಾರಿನ ಶೆಡ್ಡಾದರೆ ಸೈಡ್‌ಕಾರಿನ ಗಾಲಿಗೂ ಒಂದು ಬೆಣೆ.

ಇದನ್ನೆಲ್ಲ ಮಾಡುವ ಸಾಮಾನಿಗೆ ಏನನ್ನೋಣ?

ತಳ್ಳುಗಾಡಿ ಅಂದರೆ ತರಕಾರಿಯವರು ಬೀದಿಯಲ್ಲಿ ತಳ್ಳುವುದು. ಆ ಪದಕ್ಕೆ ಎತ್ತರವೂ ಹಿಡಿಕೆಯೂ ಸೇರಿಕೊಂಡೇ ಬರುತ್ತವೆ. ಟ್ರಾಲಿ ಅಂದರೆ ಏನು ಬೇಕಾದರೂ ಆಗಬಹುದು, ಗ್ಯಾಸ್ ಸಿಲಿಂಡರಿನ ಕೆಳಗಿನದೂ ಟ್ರಾಲಿ, ರೈಲ್ವೆ ನಿಲ್ದಾಣದ್ದೂ ಟ್ರಾಲಿ, ಸಿನಿಮಾದವರು ಕ್ಯಾಮೆರಾ ಇಟ್ಟು ತಳ್ಳುವುದೂ ಟ್ರಾಲಿ. ಸ್ಟ್ಯಾಂಡು ಅನ್ನುವಂತಿಲ್ಲ, ಸ್ಟ್ಯಾಂಡು ನಿಲ್ಲಬೇಕು, ಇದು ಓಡಬೇಕು. ಕಿರುಬಂಡಿ ಅಂತ ಒಬ್ಬರು ಸೂಚಿಸಿದರು. ಓದಲು ಚೆನ್ನಾಗಿದೆ, ಆದರೆ ಎಣ್ಣೆ ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತವರ ಬಾಯಲ್ಲಿ ಹೊರಡುವುದಿಲ್ಲ.

ನನಗೆ ಹೊಳೆದದ್ದು ಗಾಲಿಮಣೆ. ಗಾಲಿಕುರ್ಚಿಯನ್ನು ಕನ್ನಡಿಗರು ಆಗಲೇ ಒಪ್ಪಿದ್ದಾರೆ, ಅದರ ದಾರಿಯಲ್ಲೇ ಇದು ನಡೆಯುತ್ತದೆ. ಮಣೆ ಅಂದರೆ ತಗ್ಗಾದ, ಗಟ್ಟಿಯಾದ, ಮೇಲೆ ಭಾರ ಕೂರಿಸಬಹುದಾದ ಹಲಗೆ. ಸುಮ್ನೆ ಹಲಗೆ ಅಂದರೆ ಈ ತಗ್ಗೂ ಬರುವುದಿಲ್ಲ, ಕೂರಿಸುವ ಭಾವವೂ ಬರುವುದಿಲ್ಲ. ಮೇಲಾಗಿ ಮಣೆಗೆ ಹಿಂದೊಂದು ಪದ ಹಚ್ಚಿ ಕೆಲಸ ಹೇಳುವುದು ನಮಗೆ ಹಳೆಯ ಅಭ್ಯಾಸ. ಈಳಿಗೆ ಮಣೆ, ತುರಿಯುವ ಮಣೆ, ಹಸೆಮಣೆ, ಅಳಿಗುಳಿ ಮಣೆ, ಒಂದೊಂದೂ ಬೇರೆ ಕೆಲಸದ್ದು, ಯಾವುದನ್ನೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಡುಗೆಮನೆಯ ಪದವನ್ನು ಗ್ಯಾರೇಜಿಗೆ ತರುವುದೇ ಅಂತ ನಮ್ಮಲ್ಲೇ ಒಬ್ಬರು ತಕರಾರು ತೆಗೆದರು. ತಂದರೆ ತಪ್ಪೇನು? ಮನೆಯಲ್ಲಿ ದಿನಾ ಕೇಳಿದ ಪದವಾದರೆ ಹುಡುಗನಿಗೆ ಹೊಸದಾಗಿ ಕಲಿಯುವ ಕೆಲಸ ಅರ್ಧ ಉಳಿಯುತ್ತದೆ.

ಒಂದು ಅನುಮಾನ ಮಾತ್ರ ನನ್ನನ್ನು ಬಿಟ್ಟಿಲ್ಲ. ನಮ್ಮ ಕಡೆ ಎಷ್ಟೋ ಜನರ ಮಾತಿನಲ್ಲಿ ಣಕಾರ ನಕಾರವಾಗುತ್ತದೆ. ಗಾಲಿಯೂ ಗಾಳಿಯೂ ಒಂದೇ ಥರ ಕೇಳಿಸುವುದೂ ಉಂಟು, ಅದರಲ್ಲೂ ಟೈರಿಗೆ ಗಾಳಿ ಹಾಕುವ ಜಾಗದಲ್ಲಿ. ಗಾಲಿಮಣೆ ಹೋಗಿ ಗಾಳಿಮನೆ ಆದರೆ ಗತಿಯೇನು? ಉರುಳುಮಣೆ ಅಂದರೆ ಈ ತೊಡಕು ಅರ್ಧ ಕಮ್ಮಿಯಾಗುತ್ತದೆ. ಆದರೆ ಉರುಳುವುದು ಅಂದಾಗ ಉರುಳಿ ಬೀಳುವುದೂ ನೆನಪಾಗುತ್ತದೆ. ಸೈಡ್‌ಕಾರನ್ನು ನಂಬಿಕೆಯಿಂದ ಕೂರಿಸಬೇಕಾದ ಹಲಗೆಗೆ ಅದು ಒಳ್ಳೆಯ ಹೆಸರಲ್ಲ. ನಿಮ್ಮ ಕಿವಿಗೆ ಯಾವುದು ವಾಸಿ ಅನ್ನಿಸುತ್ತದೆ?

ಎರಡನೇ ಪ್ರಶ್ನೆ ಆ ತಿರುಗುವ ಗಾಲಿಯದು. ಹಾಸನದ ಸಂತೇಪೇಟೆಯ ಕಡೆ ಅಂಗಡಿಗಳಲ್ಲಿ ಕ್ಯಾಸ್ಟರ್ ವೀಲ್ ಅಂದರೆ ಕೊಡುತ್ತಾರೆ. ತಿರುಗುವುದಕ್ಕೆ ರಿವಾಲ್ವಿಂಗ್, ತಿರುಗದೆ ನೇರ ಓಡುವುದಕ್ಕೆ ಫಿಕ್ಸ್ ಅಂತಾರೆ. ಅಂಗಡಿಗೆ ಇಷ್ಟು ಸಾಕು. ಕೈಪಿಡಿಗೆ ಅದರ ನಡತೆಯನ್ನೂ ಹೇಳಬೇಕಲ್ಲ. ಈ ಗಾಲಿಯ ನಡುವು ಅದು ತಿರುಗುವ ಗೂಟದ ನೇರಕ್ಕೆ ಇರುವುದಿಲ್ಲ, ಸ್ವಲ್ಪ ಆಚೆಗೆ ಇರುತ್ತದೆ. ಅದಕ್ಕೇ ತಳ್ಳಿದ ಕಡೆಗೆ ಅದು ತಾನಾಗಿ ಹಿಂಬಾಲಿಸುತ್ತದೆ. ಹಿಂದಕ್ಕೆ ಎಳೆದಾಗ ಮಾತ್ರ ನಾಲ್ಕೂ ಗಾಲಿ ಅರ್ಧ ಸುತ್ತು ಹೊರಳಿ ಹಲಗೆಯನ್ನು ಪಕ್ಕಕ್ಕೆ ಒಂದು ಸಲ ಒಗೆಯುತ್ತವೆ. ಗೋಡೆಗೆ ಒತ್ತಿ ನಿಲ್ಲಿಸಿದ್ದರೆ ಆಗ ಮಡ್‌ಗಾರ್ಡಿಗೆ ಏಟು ಬೀಳುತ್ತದೆ. ಈ ಹೊರಳಿಗೆ ಒಂದು ಪದ ಸಿಕ್ಕರೆ ಎಚ್ಚರಿಕೆಯ ಮಾತು ಬರೆಯುವುದು ಸುಲಭ. ಗಾಲಿಗೆ ತಿರುಗಣಿ ಗಾಲಿ ಅನ್ನಬಹುದೇ? ಹೊಳೆಯಲ್ಲಿ ನೀರು ಸುತ್ತುವ ಮಡುವಿಗೆ ತಿರುಗಣಿ ಮಡು ಅಂತಾರೆ, ಹಾಗಾಗಿ ಪದ ಪೂರ್ತಿ ಸತ್ತಿಲ್ಲ. ಗಾಡಿಯ ಇರುಸು, ಕಡಾಣಿ, ಕೀಲೆಣ್ಣೆ ಇವೆಲ್ಲ ನಮ್ಮಲ್ಲಿವೆ, ಆದರೆ ಎತ್ತಿನಗಾಡಿಯ ಗಾಲಿ ಹೀಗೆ ಸುತ್ತ ತಿರುಗುವುದಿಲ್ಲವಾದ್ದರಿಂದ ಅಲ್ಲಿಂದ ಎರವಲು ತರಲು ನನಗೆ ದಾರಿ ಕಾಣಲಿಲ್ಲ.

ಬಿಚ್ಚು, ಕಳಚು ಎರಡನ್ನೂ ನಾನು ಬೇರೆ ಬೇರೆಯಾಗಿ ಬಳಸಿದ್ದೇನೆ: ನಟ್ಟು ಬಿಚ್ಚುವುದು, ಸೈಡ್‌ಕಾರ್ ಕಳಚುವುದು. ತುಕ್ಕು ಹಿಡಿದು ಕೂತಿದ್ದರೆ ಬಿಡಿಸುವುದು. ಮತ್ತೆ ಹಾಕುವುದಕ್ಕೆ ಜೋಡಿಸು ಅಂತ ಬರೆದಿದ್ದೆ. ಗ್ಯಾರೇಜಿನ ಹಿರಿಯರೊಬ್ಬರು ಕಟ್ಟು ಅಂದರು, ಗಾಡಿ ಕಟ್ಟು ಅಂತೀವಲ್ಲ ಹಾಗೆ. ಅದನ್ನೇ ಇಟ್ಟುಕೊಂಡಿದ್ದೇನೆ.

ಈಗ ನಿಮ್ಮಲ್ಲಿ ಕೇಳಬೇಕಾದ ನಿಜವಾದ ಮಾತು. ಹೊಸ ಪದ ಕಟ್ಟುವ ಮೊದಲು ಹಳೆಯದು ಇದೆಯೇ ಅಂತ ನೋಡಬೇಕು. ಭಾರದ ಸಾಮಾನನ್ನು ಗಾಲಿ ಹಲಗೆಯ ಮೇಲೋ ಉರುಳೆಯ ಮೇಲೋ ಸರಿಸುವುದು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಹೊಸದಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ನಾಟಾ ಕೆಲಸದವರು ದಿಮ್ಮಿಯ ಕೆಳಗೆ ಉರುಳೆ ಕೊಟ್ಟು, ಸನ್ನೆಗೋಲಿನಲ್ಲಿ ಮೀಟಿ ಸರಿಸುವಾಗ ಆ ಉರುಳೆಗೆ ಬೇರೆ ಹೆಸರು ಹೇಳುತ್ತಿದ್ದರೇ? ಚಿಕ್ಕಮಗಳೂರು, ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮೂಟೆ ಸಾಗಿಸುವ ತಗ್ಗು ಗಾಡಿಗೆ ಅಲ್ಲಿನ ಕೆಲಸದವರು ಏನಂತಾರೆ? ಬೇಲೂರಿನ ತೇರಿನ ಕೆಲಸ ಬಲ್ಲವರು, ತೇರನ್ನು ಮಿಲಿಮೀಟರಿನಷ್ಟು ಸರಿಸುವಾಗ ಗಾಲಿಗೆ ಕೊಡುವ ಮರದ ತುಂಡಿಗೆ ಯಾವ ಹೆಸರು ಬಳಸುತ್ತಾರೆ? ಎತ್ತು ಬಿಚ್ಚಿದ ಗಾಡಿಯ ಮೂಕಿಗೆ ಊರೆ ಕೊಡುವ ಕೋಲಿಗೂ ಊರೂರಿಗೆ ಒಂದು ಹೆಸರು ಇರಬೇಕು ಅಂತ ನನ್ನ ಅಂದಾಜು. ಸೈಡ್‌ಕಾರಿನ ಒಳಬದಿಯ ಆಧಾರಕ್ಕೆ ಅದು ನೇರವಾಗಿ ಒದಗಬಹುದು.

ನಿಘಂಟಿನಲ್ಲಿ ಸಿಕ್ಕದ್ದಕ್ಕಿಂತ ಬಾಯಲ್ಲಿ ಕೇಳಿದ ಪದ ನನಗೆ ಹೆಚ್ಚು ಬೇಕು. ಪದದ ಜೊತೆಗೆ ಯಾವ ಊರು, ಯಾವ ಕೆಲಸದವರು, ಅವರು ಅದನ್ನು ಯಾವ ವಾಕ್ಯದಲ್ಲಿ ಹೇಳಿದರು ಅಂತಲೂ ದಯವಿಟ್ಟು ಬರೆಯಿರಿ. ಅಲ್ಲಿಯವರೆಗೆ ಕರಡಿನಲ್ಲಿ ಗಾಲಿಮಣೆ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತೇನೆ.