ಮೂರು ವಾರ ಮಳೆಯಲ್ಲಿದ್ದ ಕಮಾಡೊ: ಮುಚ್ಚಳ ಅಂಟಿದೆ, ಒಳಗೆ ಬೂಷ್ಟು. ಏನು ಮಾಡೋದು?

ಕುವೆಂಪುನಗರ ತಾರಸಿ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ತಾರಸಿ ಮೇಲೆ ಮೊಟ್ಟೆಯಾಕಾರದ ಸೆರಾಮಿಕ್ ಗ್ರಿಲ್, ಕಮಾಡೊ ಅಂತಾರಲ್ಲ, ಅದಿದೆ. ಅಣ್ಣ ಬೆಂಗಳೂರಿನ ಮನೆ ಖಾಲಿ ಮಾಡುವಾಗ ನನಗೆ ಕೊಟ್ಟಿದ್ದು. 70 ಕಿಲೋ ಮೇಲಿದೆ, ನಾಲ್ಕು ಜನ ಸೇರಿ ಹೊತ್ತು ಮೇಲಕ್ಕೆ ತಂದಿದ್ದು. ಮಳೆ ಬಂತು ಅಂತ ಒಳಗೆ ಎತ್ತಿಡುವ ಮಾತೇ ಇಲ್ಲ.

ಮಹಾಲಯ ಅಮಾವಾಸ್ಯೆಗೆ ಕೋಳಿ ಸುಟ್ಟಿದ್ದೇ ಕೊನೆ. ಆಷಾಢದ ಗಾಳಿಗೆ ಹಳೇ ಹೊದಿಕೆ ಹರಿದುಹೋಗಿತ್ತು. ಅದಕ್ಕೆ ಈ ಸಲ ದಪ್ಪ ಪ್ಲಾಸ್ಟಿಕ್ ಟಾರ್ಪಾಲ್ ತಂದು ನೆಲ ಮುಟ್ಟುವ ಹಾಗೆ ಹೊದಿಸಿ, ನೈಲಾನ್ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿದೆ. ಮೇಲಿನ ಕಿಂಡಿ, ಕೆಳಗಿನ ಕಿಂಡಿ ಎರಡನ್ನೂ ಮುಚ್ಚಿದ್ದೆ. ಹಸ್ತ, ಚಿತ್ತೆ ಎರಡು ಮಳೆಯೂ ಜೋರಾಗೇ ಹಿಡಿಯಿತು. ಇವತ್ತು ಬಿಚ್ಚಿ ನೋಡಿದರೆ ಟಾರ್ಪಾಲಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿದೆ. ಮುಚ್ಚಳ ಏಳುತ್ತಿಲ್ಲ. ಮೇಲಿನ ಬೀಡು ಕಬ್ಬಿಣದ ಕಿಂಡಿ ತುಕ್ಕು ಹಿಡಿದಿದೆ, ಹೇಗೋ ಕಳಚಿ ಟಾರ್ಚ್ ಬಿಟ್ಟು ನೋಡಿದೆ: ಜಾಲರಿ ಮೇಲೆ ಬಿಳಿ ಬೂಷ್ಟು, ತಳದಲ್ಲಿ ಬೂದಿ ಕೆಸರಾಗಿ ನಿಂತಿದೆ. ಹೊರಗಡೆ ಹಸಿರು ಗ್ಲೇಜ್ ಮೇಲೆ ಜೇಡರ ಬಲೆ ಥರ ಸಣ್ಣ ಗೆರೆಗಳೂ ಕಾಣುತ್ತಿವೆ. ಒಡೆದೇಹೋಯಿತಾ ಅಂತ ಹೊಟ್ಟೆಯೆಲ್ಲ ಉರಿಯುತ್ತಿದೆ. ದೀಪಾವಳಿಗೆ ಅಣ್ಣನ ಮನೆಯವರೇ ಬರುತ್ತಿದ್ದಾರೆ. ದಯವಿಟ್ಟು ಹೇಳಿ.

ಮಂಡ್ಯ ಇದ್ದಿಲು:

ಮೇಡಂ, ಗಾಬರಿ ಬೇಡ. ನೀವು ಹೇಳಿದ್ದರಲ್ಲಿ ಯಾವುದೂ ಕೈಮೀರಿದ್ದಲ್ಲ. ಒಂದೇ ಒಂದು ಕೆಲಸ ಮಾತ್ರ ಮಾಡಬೇಡಿ: ಬೆಂಕಿ ಹಾಕಿದರೆ ಎಲ್ಲ ಒಣಗುತ್ತೆ ಅಂತ ಇವತ್ತೇ ಪೂರ್ತಿ ಇದ್ದಿಲು ಸುರಿದು ಹಚ್ಚಬೇಡಿ.

ಮುಚ್ಚಳದ ವಿಷಯ ಮೊದಲು. ಸಂದು ಮುಚ್ಚಲು ಅಂಚಿಗೆ ಅಂಟಿಸಿರುವ ಮೆತ್ತನೆ ಫೆಲ್ಟ್ ಗ್ಯಾಸ್ಕೆಟ್‌ಗೆ ಕೋಳಿ ಜಿಡ್ಡು ಇಳಿದಿರುತ್ತೆ. ಅದು ಥಂಡಿಯಲ್ಲಿ ಗಟ್ಟಿಯಾಗಿ ಗೋಂದಿನ ಹಾಗೆ ಹಿಡಿದುಕೊಂಡಿದೆ, ಅಷ್ಟೆ. ಹಿಡಿ ಹಿಡಿದು ಜಗ್ಗಬೇಡಿ, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಸೆರಾಮಿಕ್ ಅಂಚು ಚಕ್ಕೆ ಏಳುತ್ತೆ. ಕೂದಲು ಒಣಗಿಸುವ ಹೇರ್ ಡ್ರೈಯರ್ ಇದ್ದರೆ ಸೇರುವ ಜಾಗದ ಸುತ್ತ ಹತ್ತು ನಿಮಿಷ ಬಿಸಿ ಗಾಳಿ ಹಿಡಿಯಿರಿ. ಆಮೇಲೆ ಪೇಂಟ್‌ನವರ ಪುಟ್ಟಿ ಬಳಿಯುವ ತೆಳು ಪಟ್ಟಿಯನ್ನು ಸಂದಿನಲ್ಲಿ ಸುತ್ತಲೂ ನಿಧಾನಕ್ಕೆ ಆಡಿಸಿಕೊಂಡು ಬನ್ನಿ, ಬಿಟ್ಟುಕೊಳ್ಳುತ್ತೆ.

ಅದಕ್ಕೂ ಮೊದಲು ಮುಚ್ಚಳಕ್ಕೂ ಬುಡಕ್ಕೂ ಸುತ್ತಿರುವ ಸ್ಟೀಲ್ ಪಟ್ಟಿಗಳ ನಟ್ಟು ನೋಡಿ. ಮೇಲಿನ ಪಟ್ಟಿ ಸಡಿಲ ಇದ್ದರೆ ಎತ್ತುವಾಗ ಮುಚ್ಚಳ ಜಾರಿ ಕೆಳಗೆ ಬೀಳುತ್ತೆ. ಮಳೆಗಿಂತ ಹೀಗೆ ಬಿದ್ದು ಒಡೆದ ಕಮಾಡೊಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ಹೂಟಗಳ್ಳಿ ಫಿಟ್ಟರ್:

ಗೆರೆಗಳ ಬಗ್ಗೆ ನಾನು ಹೇಳ್ತೀನಿ. ಗ್ಲೇಜ್ ಅನ್ನೋದು ಗಾಜಿನ ಪದರ. ಬಿಸಿಗೆ ಅದು ಹಿಗ್ಗುವ ಲೆಕ್ಕ ಬೇರೆ, ಒಳಗಿನ ಮಣ್ಣಿನ ಲೆಕ್ಕ ಬೇರೆ. ಅದಕ್ಕೇ ಬಲೆ ಥರ ಗೆರೆ ಬೀಳುತ್ತೆ. ಹಳೇ ಪಿಂಗಾಣಿ ಬಟ್ಟಲಲ್ಲೂ ನೋಡಿರ್ತೀರಿ. ಉಗುರು ಅಡ್ಡ ಎಳೆದು ನೋಡಿ. ಜಾರಿಕೊಂಡು ಹೋದರೆ ಬರೀ ಗ್ಲೇಜ್ ಗೆರೆ, ಚಿಂತೆ ಇಲ್ಲ. ಉಗುರು ಸಿಕ್ಕಿಕೊಂಡರೆ ಅಥವಾ ಅದೇ ಗೆರೆ ಒಳಮೈಯಲ್ಲೂ ಕಂಡರೆ ನಿಜವಾದ ಬಿರುಕು, ಆಗ ಹಚ್ಚೋದು ಬೇಡ.

ಒಳಗೆ ಇದ್ದಿಲು ಹಾಕುವ ಬಟ್ಟಲು ಬಿರುಕು ಬಿಟ್ಟಿದ್ದರೆ ಅದು ಬೇರೆ ಮಾತು. ನೇರ ಕೆಂಡ ತಾಗುವ ಭಾಗ, ಬಿಡುವುದು ಸಹಜ. ತುಂಡು ಕಳಚಿ ಬೀಳದಿದ್ದರೆ ವರ್ಷಗಟ್ಟಲೆ ನಡೆಯುತ್ತೆ.

ಶ್ರೀರಂಗಪಟ್ಟಣ ಹೊಳೆದಂಡೆ:

ನಾನು ಓದಿದ ಹಾಗೆ ನೀರು ಕುಡಿದ ಸೆರಾಮಿಕ್ ಚಳಿಗೆ ಸೀಳುತ್ತಂತೆ. ಅದಕ್ಕೇ ಪೂರ್ತಿ ಗಾಳಿಯಾಡದ ಹಾಗೆ ಮುಚ್ಚಬೇಕು, ಗೆರೆಗಳಿಗೆ ಸಿಲಿಕೋನ್ ಬಳಿಯಬೇಕು ಅಂತ ಹೊರದೇಶದವರು ಹೇಳ್ತಾರೆ. ಮೇಡಂ ಮಾಡಿದ್ದು ಸರಿಯಾಗೇ ಇದೆಯಲ್ಲ?

ಮಂಡ್ಯ ಇದ್ದಿಲು:

ಸರ್, ಆ ಸಲಹೆ ಹಿಮ ಬೀಳುವ ಊರಿನವರದ್ದು. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತೆ, ಮಣ್ಣಿನ ಸಣ್ಣ ರಂಧ್ರದೊಳಗೆ ಹಾಗಾದರೆ ಸೀಳುತ್ತೆ, ನಿಜ. ಮೈಸೂರು ಮಂಡ್ಯದಲ್ಲಿ ಮಾಗಿ ಚಳಿಗೂ ನೀರು ಹೆಪ್ಪುಗಟ್ಟಲ್ಲ. ನಮ್ಮ ಕಷ್ಟ ಬೇರೆ. ಹೊರಗಿನ ಗ್ಲೇಜ್ ಮೇಲೆ ಸುರಿದ ಮಳೆ ಹರಿದುಹೋಗುತ್ತೆ, ಅದರಿಂದ ಏನೂ ಆಗಲ್ಲ. ಆದರೆ ಒಳಮೈಗೆ ಗ್ಲೇಜ್ ಇಲ್ಲ, ಮಡಕೆ ಹಾಗೆ ತೇವ ಹೀರುತ್ತೆ. ಟಾರ್ಪಾಲ್ ನೆಲದವರೆಗೂ ಬಿಗಿದರೆ ತಾರಸಿ ನೆಲದ ಪಸೆ ಹಗಲಿನ ಬಿಸಿಗೆ ಆವಿಯಾಗಿ ಒಳಗೇ ನಿಂತು, ರಾತ್ರಿ ತಣ್ಣಗಾದಾಗ ನೀರಾಗಿ ಇಳಿಯುತ್ತೆ. ದಿನಾ ಇದೇ ಆಗುತ್ತೆ. ಜೊತೆಗೆ ಕೋಳಿ ಜಿಡ್ಡು, ಕತ್ತಲೆ, ಗಾಳಿ ಇಲ್ಲ. ಬೂಷ್ಟಿಗೆ ಇನ್ನೇನು ಬೇಕು? ಮೇಡಂ ಪ್ರೀತಿಯಿಂದಲೇ ಮುಚ್ಚಿದ್ದಾರೆ, ಆದರೆ ಕೆಟ್ಟಿದ್ದು ಆ ಮುಚ್ಚಿಗೆಯಿಂದಲೇ.

ಸಿಲಿಕೋನ್ ಖಂಡಿತ ಬೇಡ. ಒಳಗಿನ ತೇವ ಹೊರಗೆ ಹೋಗುವ ದಾರಿ ಕಟ್ಟುತ್ತೆ, ಬಿಸಿಗೆ ಸುಟ್ಟು ನಾರುತ್ತೆ.

ಈಗ ಒಣಗಿಸುವ ಕ್ರಮ. ಇದರಲ್ಲಿ ಅವಸರ ಮಾಡಬಾರದು. ನಮ್ಮ ತಾತನ ಆಲೆಮನೆಯಲ್ಲಿ ಮಳೆಗಾಲ ಕಳೆದು ಮೊದಲ ಸಲ ಒಲೆ ಹಚ್ಚುವಾಗ ಒಂದಿಡೀ ದಿನ ಬರೀ ಒಂದಿಷ್ಟು ಕಬ್ಬಿನ ರವದಿ ಹಾಕಿ ಬೆಚ್ಚಗೆ ಮಾಡುತ್ತಿದ್ದರು, ಕೊಪ್ಪರಿಗೆ ಇಡುತ್ತಿದ್ದದ್ದು ಮಾರನೇ ದಿನ. ಕುಂಬಾರರೂ ಹಸಿ ಮಡಕೆಯನ್ನು ಚೆನ್ನಾಗಿ ಒಣಗಿಸದೆ ಸುಡುವ ಗೂಡಿಗೆ ಇಡಲ್ಲ. ಕಾರಣ ಒಂದೇ: ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಜಾಗ ಕೇಳುತ್ತೆ. ನಿಧಾನಕ್ಕೆ ಬಿಟ್ಟರೆ ರಂಧ್ರದಿಂದ ಹೊರಗೆ ಹೋಗುತ್ತೆ, ಒಮ್ಮೆಲೇ ಕಾಸಿದರೆ ಮಣ್ಣನ್ನು ಸೀಳಿಕೊಂಡು ಹೋಗುತ್ತೆ.

ಮುಚ್ಚಳ ತೆರೆದ ಮೇಲೆ ಒಳಗಿನ ಬಟ್ಟಲು, ಉಂಗುರ, ಜಾಲರಿ ಎಲ್ಲ ಹೊರಗೆ ತೆಗೆಯಿರಿ. ಬೂದಿ ಕೆಸರು ಬಳಿಯುವಾಗ ಕೈಗೆ ಗ್ಲೌಸ್ ಹಾಕಿ. ಬೂದಿ ನೀರು ಕ್ಷಾರ, ಚರ್ಮ ಸುಡುತ್ತೆ. ಬೂಷ್ಟು ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ. ಸೋಪು ಹಾಕಬೇಡಿ, ಮಣ್ಣು ಅದನ್ನೂ ಕುಡಿಯುತ್ತೆ. ಆಮೇಲೆ ಎರಡು ಮೂರು ದಿನ ಬಿಸಿಲು ಬಿದ್ದಾಗೆಲ್ಲ ಮುಚ್ಚಳ ತೆರೆದಿಡಿ. ಅದಾದ ಮೇಲೆ ಎರಡು ಹಿಡಿ ಇದ್ದಿಲು ಮಾತ್ರ ಹಚ್ಚಿ, ಮುಚ್ಚಳ ಹಾಕಿ, ಥರ್ಮಾಮೀಟರ್ 100ರಿಂದ 120 ಡಿಗ್ರಿ ಸೆಲ್ಸಿಯಸ್ ದಾಟದ ಹಾಗೆ ಎರಡು ಗಂಟೆ ಹಿಡಿಯಿರಿ. ಮೇಲಿನ ಕಿಂಡಿ ಮೇಲೆ ಸ್ಟೀಲ್ ತಟ್ಟೆ ಕ್ಷಣ ಹಿಡಿದು ನೋಡಿ, ಹನಿ ಕಟ್ಟುತ್ತಿದ್ದರೆ ಇನ್ನೂ ತೇವ ಇದೆ. ಹನಿ ನಿಂತ ಮೇಲೆ ಮಾರನೇ ದಿನ ಮೆಲ್ಲಗೆ 300 ಡಿಗ್ರಿಗೆ ಏರಿಸಿ ಅರ್ಧ ಗಂಟೆ ಬಿಟ್ಟರೆ ಬೂಷ್ಟು, ಜಿಡ್ಡು ಎಲ್ಲ ಸುಟ್ಟು ಬೂದಿ. ಅವತ್ತು ಅಡುಗೆ ಬೇಡ. ಅಷ್ಟು ಬಿಸಿಯಲ್ಲಿ ಮುಚ್ಚಳ ತೆಗೆಯುವ ಮೊದಲು ಎರಡು ಇಂಚು ಎತ್ತಿ ಕೆಲವು ಕ್ಷಣ ಹಾಗೇ ಹಿಡಿಯಿರಿ, ಇಲ್ಲದಿದ್ದರೆ ಗಾಳಿ ಒಮ್ಮೆಲೇ ನುಗ್ಗಿ ಜ್ವಾಲೆ ಮುಖಕ್ಕೆ ಹಾರುತ್ತೆ. ಆರಿಸಲು ಎರಡು ಕಿಂಡಿ ಮುಚ್ಚಿದರೆ ಸಾಕು, ನೀರು ಮಾತ್ರ ಹಾಕಬೇಡಿ.

ಹೂಟಗಳ್ಳಿ ಫಿಟ್ಟರ್:

ತುಕ್ಕಿಗೆ: ಬೀಡಿನ ಭಾಗಗಳನ್ನು ತಂತಿ ಬ್ರಶ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ಕಡಲೆಕಾಯಿ ಎಣ್ಣೆ ತೆಳ್ಳಗೆ ಸವರಿ ಕಾಸಿ. ಹೊಸ ದೋಸೆ ಹೆಂಚು ಪಳಗಿಸುತ್ತೀವಲ್ಲ, ಅದೇ ವಿದ್ಯೆ. ಎಣ್ಣೆ ಜಾಸ್ತಿಯಾದರೆ ಅಂಟಂಟಾಗುತ್ತೆ. ಗ್ಯಾಸ್ಕೆಟ್ ಹರಿದಿದ್ದರೆ ಹೊಸದು ಹಾಕಿ. ನಟ್ಟುಗಳನ್ನು ಒಂದು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಬಿಗಿ ಮಾಡಿ.

ಕುವೆಂಪುನಗರ ತಾರಸಿ:

ಆರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮುಚ್ಚಳ ಹೇರ್ ಡ್ರೈಯರ್‌ಗೆ ಬಿಟ್ಟಿತು, ಫೆಲ್ಟ್ ಒಂದು ಕಡೆ ಕಿತ್ತುಬಂದಿದೆ. ಮೇಲಿನ ಪಟ್ಟಿಯ ನಟ್ಟು ಕೈಯಲ್ಲೇ ತಿರುಗುವಷ್ಟು ಸಡಿಲ ಇತ್ತು, ಮೊದಲೇ ಹೇಳಿದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ಹೊರಗಿನ ಗೆರೆಗೆ ಉಗುರು ಸಿಗಲಿಲ್ಲ. ಬಟ್ಟಲಲ್ಲಿ ಮಾತ್ರ ಒಂದು ಉದ್ದ ಬಿರುಕು ಇದೆ, ತುಂಡೇನೂ ಅಲ್ಲಾಡುತ್ತಿಲ್ಲ. ಟಾರ್ಪಾಲನ್ನು ಬಿಸಿಲಿಗೆ ಹಿಡಿದಾಗ ಹಗ್ಗ ಉಜ್ಜಿದ ಕಡೆ ಎರಡು ತೂತು ಕಂಡವು, ನೇರ ಮೇಲಿನ ಕಿಂಡಿಯ ಮೇಲೇ. ಮೊದಲ ದಿನ ಸಣ್ಣ ಬೆಂಕಿಗೆ ತಟ್ಟೆ ತುಂಬ ಹನಿ. ಎರಡನೇ ದಿನವೂ ಇತ್ತು. ಮೂರನೇ ದಿನ ಒಣ ತಟ್ಟೆ! ನಿನ್ನೆ 300ಕ್ಕೆ ಏರಿಸಿದೆ, ಒಳಗೆಲ್ಲ ಬೆಳ್ಳಗೆ ಸ್ವಚ್ಛ ಆಗಿದೆ.

ಇನ್ನು ಮೇಲೆ ಹೇಗೆ ಮುಚ್ಚಲಿ? ಸ್ವಾತಿ ಮಳೆ ಇನ್ನೂ ಬಾಕಿ ಇದೆ.

ಮಂಡ್ಯ ಇದ್ದಿಲು:

ಬಹಳ ಸಂತೋಷ ಮೇಡಂ. ಸಾಧ್ಯವಾದರೆ ಮೇಲೆ ಒಂದು ಶೀಟು ಹಾಕಿಸಿ, ತಲೆಗಿಂತ ಸಾಕಷ್ಟು ಎತ್ತರ, ನಾಲ್ಕು ಕಡೆ ಬಯಲು. ನೆರಳು ಸಿಕ್ಕರೆ ಏಪ್ರಿಲ್ ಬಿಸಿಲಿಗೆ ಮರದ ಸ್ಟ್ಯಾಂಡೂ ಉಳಿಯುತ್ತೆ. ಶೀಟು ಆಗದಿದ್ದರೆ ಗಾಳಿ ಹಾಯುವ ಬಟ್ಟೆಯ ಹೊದಿಕೆ, ನೆಲದಿಂದ ಒಂದು ಗೇಣು ಮೇಲಕ್ಕೇ ನಿಲ್ಲಬೇಕು. ಆಷಾಢದ ಗಾಳಿಗೆ ಹಾರದ ಹಾಗೆ ಸ್ಟ್ಯಾಂಡಿನ ಕಾಲಿಗೆ ಪಟ್ಟಿ ಕಟ್ಟಿ, ಹೊಟ್ಟೆಗೆ ಸುತ್ತಿ ಬಿಗಿಯಬೇಡಿ. ಹೊದಿಕೆ ಇರುವಾಗ ಎರಡು ಕಿಂಡಿಗಳೂ ಒಂದು ಬೆರಳಷ್ಟು ತೆರೆದಿರಲಿ. ಅಡುಗೆ ಮಾಡಿದ ಮಾರನೇ ದಿನ, ಪೂರ್ತಿ ತಣ್ಣಗಾದ ಮೇಲೆ ಬೂದಿ ತೆಗೆದು ಹೊದಿಸಿ. ಮಳೆಗಾಲದಲ್ಲಿ ಅಡುಗೆ ಇರಲಿ ಬಿಡಲಿ, ಹತ್ತು ಹದಿನೈದು ದಿನಕ್ಕೊಮ್ಮೆ ಎರಡು ಹಿಡಿ ಇದ್ದಿಲು ಹಚ್ಚಿ ಬೆಚ್ಚಗೆ ಮಾಡಿ.

ಶ್ರೀರಂಗಪಟ್ಟಣ ಹೊಳೆದಂಡೆ:

ನನ್ನದಕ್ಕೂ ಹೀಗೇ ಬಿಗಿದು ಕಟ್ಟಿದ್ದೆ. ಇವತ್ತೇ ಬಿಚ್ಚಿದೆ, ಒಳಗೆ ಕಮಟು ವಾಸನೆ ಬರುತ್ತಿದೆ, ಬೂಷ್ಟು ಇನ್ನೂ ಬಂದಿಲ್ಲ. ನಾಳೆಯಿಂದ ತಟ್ಟೆ ಹಿಡಿದು ನೋಡುತ್ತೇನೆ.

ಕುವೆಂಪುನಗರ ತಾರಸಿ:

ಕೊನೆಯದಾಗಿ ಒಂದು. ಒಳಗೆ ಉಳಿದಿದ್ದ ಒದ್ದೆ ಇದ್ದಿಲು ಒಂದು ಬಕೆಟ್ ಆಗುವಷ್ಟಿದೆ. ಒಣಗಿಸಿ ಬಳಸಬಹುದಾ?

ಮಂಡ್ಯ ಇದ್ದಿಲು:

ಬೂಷ್ಟು ಹಿಡಿದ ತುಂಡುಗಳನ್ನು ಎಸೆದುಬಿಡಿ, ಹೊಗೆಯ ವಾಸನೆ ಮಾಂಸಕ್ಕೆ ಇಳಿಯುತ್ತೆ. ಬರೀ ನೆನೆದದ್ದನ್ನು ನಾಲ್ಕು ದಿನ ಬಿಸಿಲಲ್ಲಿ ಹರಡಿ. ಎರಡು ತುಂಡು ತಾಗಿಸಿದರೆ ಕಣಕಣ ಅನ್ನಬೇಕು, ದಬ್ ಅಂದರೆ ಇನ್ನೂ ಹಸಿ. ಒಣಗಿದ ಮೇಲೆ ಮುಚ್ಚಳ ಇರುವ ತಗಡಿನ ಡಬ್ಬದಲ್ಲಿ ಮನೆಯೊಳಗೆ ಇಡಿ. ಹತ್ತಿಕೊಳ್ಳಲ್ಲ ಅಂತ ಸೀಮೆಎಣ್ಣೆ ಮಾತ್ರ ಹಾಕಬೇಡಿ, ಒಳಮೈ ಅದನ್ನು ಹೀರಿಕೊಂಡರೆ ಆ ವಾಸನೆ ಹೋಗಲು ತಿಂಗಳುಗಳೇ ಬೇಕು. ಒಣ ತೆಂಗಿನ ನಾರು ಒಂದು ಹಿಡಿ ಸಾಕು.