ಪುಟ್ಟಿ, ಆ ಬಳ್ಳಿ ಕೀಳಬೇಡ

ಪುಟ್ಟಿ, ನೀನು ಬೆಳಿಗ್ಗೆ ನಮ್ಮ ಮನೆಯವರ ಗುಂಪಿನಲ್ಲಿ ಹಾಕಿದ ಫೋಟೋ ಈಗ ನೋಡಿದೆ. ಬಸ್ಸಿನಲ್ಲಿದ್ದೇನೆ, ಟೈಪ್ ಮಾಡಲು ಕೈ ಮರಗಟ್ಟಿದೆ, ಅದಕ್ಕೆ ಮಾತಾಡಿದ್ದನ್ನೇ ಫೋನು ಬರೆದುಕೊಳ್ಳಲಿ ಅಂತ ಬಿಟ್ಟಿದ್ದೇನೆ. ಉದ್ದ ಆದರೆ ಯಾರೂ ಬೈಕೋಬೇಡಿ.

ಕಳೆದ ಮೇ ತಿಂಗಳಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಹೊಸ ಮನೆಗೆ ತಂದು ನೆಟ್ಟ ಎವರ್‌ಲಾಸ್ಟಿಂಗ್ ಪೀ, ಅದೇ ಬಟಾಣಿ ಥರದ ಹೂಬಳ್ಳಿ, ಪೂರ್ತಿ ಒಣಗಿ ಕಡ್ಡಿಯಾಗಿದೆ, ಕಿತ್ತು ಹಾಕಲಾ ಅಂತ ಕೇಳಿದ್ದೀಯ. ನಿಮ್ಮಮ್ಮ ಮೈಸೂರಿನಲ್ಲಿ ಕೂತು "ಒಣಗಿದ್ದನ್ನ ಮನೆ ಮುಂದೆ ಇಟ್ಕೋಬಾರದು, ಕಿತ್ತು ಬಿಸಾಕು" ಅಂದಿದ್ದಾಳೆ. ಅಕ್ಕಾ, ಸ್ವಲ್ಪ ತಡಿ.

ಅದು ಸತ್ತಿಲ್ಲ. ಪ್ರತಿ ಚಳಿಗಾಲ ಹೀಗೇ ಮೇಲೆಲ್ಲ ಒಣಗುತ್ತದೆ, ಜೀವ ಬೇರಿನಲ್ಲಿರುತ್ತದೆ. ನಮ್ಮ ಊರಲ್ಲಿ ಬಾವಿಕಟ್ಟೆ ಪಕ್ಕದ ಶಂಖಪುಷ್ಪ ವರ್ಷವಿಡೀ ಹಸಿರಾಗಿ ಇರುತ್ತಿತ್ತು, ಅದನ್ನು ನೋಡಿ ಬೆಳೆದವರಿಗೆ ಬಳ್ಳಿ ಒಣಗಿತು ಅಂದರೆ ಮುಗಿಯಿತು ಅಂತಲೇ ಲೆಕ್ಕ. ನಾನೂ ಇಲ್ಲಿಗೆ ಬಂದ ಮೊದಲ ವರ್ಷ ಅದೇ ತಪ್ಪು ಮಾಡಿದೆ. ಫೆಬ್ರವರಿಯಲ್ಲಿ ಆ ಜಾಗಕ್ಕೆ ಗುಲಾಬಿ ಹಾಕೋಣ ಅಂತ ಗುದ್ದಲಿ ಹಾಕಿದರೆ ಒಳಗೆ ದಪ್ಪ ಬೇರು, ಒಳ್ಳೆ ಮೂಲಂಗಿ ಥರ ಗಟ್ಟಿಯಾಗಿ ಕೂತಿದೆ. ಅರ್ಧಕ್ಕೆ ಕಡಿದು ಹೋಯಿತು. ವಾಪಸ್ ಮಣ್ಣಲ್ಲಿಟ್ಟೆ, ನೀರು ಹಾಕಿದೆ, ಬರಲಿಲ್ಲ. ಈ ಜಾತಿಗೆ ತಾಯಿಬೇರು ಆಳಕ್ಕೆ ಇಳಿಯುತ್ತದೆ, ಕಿತ್ತು ಬೇರೆ ಕಡೆ ನೆಟ್ಟರೆ ಸಹಿಸುವುದಿಲ್ಲ. ಅದಕ್ಕೇ ಹೇಳುತ್ತಿರುವುದು, ಜಾಗ ಬದಲಾಯಿಸುವ ಯೋಚನೆಯನ್ನೂ ಬಿಡು.

ಈಗ ಮಾಡಬೇಕಾದ್ದು ಇಷ್ಟೇ. ಒಣ ಕಡ್ಡಿಗಳನ್ನು ನೆಲದಿಂದ ಎರಡು ಬೆರಳು ಮೇಲೆ ಕತ್ತರಿಸು. ಪಕ್ಕದಲ್ಲಿ ಒಂದು ಕೋಲು ನೆಡು, ಇಲ್ಲದಿದ್ದರೆ ಮಾರ್ಚ್‌ನಲ್ಲಿ ನೀನೇ ಮರೆತು ಅದರ ಮೇಲೆ ಕಾಲಿಡುತ್ತೀಯ. ಬೆಚ್ಚಗಾಗುತ್ತಿದ್ದ ಹಾಗೆ ಬುಡದಿಂದ ಚಿಗುರು ಬರುತ್ತದೆ. ಅಸಲಿ ಕಾಟ ಶುರುವಾಗುವುದೇ ಆಗ. ಸ್ಲಗ್ ಅಂತ ಇದೆಯಲ್ಲ, ಚಿಪ್ಪಿಲ್ಲದ ಬಸವನಹುಳು, ರಾತ್ರಿ ಬಂದು ಎಳೆ ಚಿಗುರನ್ನು ಸೊಪ್ಪಿನ ಪಲ್ಯ ತಿಂದ ಹಾಗೆ ತಿಂದು ಹೋಗುತ್ತದೆ. ನಾನು ಟಾರ್ಚ್ ಹಿಡಿದು ಹೋಗಿ ಆರಿಸಿ ಹಾಕುತ್ತೇನೆ, ನಿಮ್ಮ ಚಿಕ್ಕಪ್ಪ ಕಿಟಕಿಯಿಂದ ನೋಡಿ ನಗುತ್ತಾರೆ. ಚಿಗುರು ಒಂದು ಗೇಣು ದಾಟಿದ ಮೇಲೆ ಅಷ್ಟು ಭಯ ಇಲ್ಲ.

ಆಸರೆ ಮಾತ್ರ ಮೊದಲೇ ಕೊಡು. ಇದು ಶಂಖಪುಷ್ಪದ ಹಾಗೆ ಮೈಯನ್ನೇ ಸುತ್ತಿಕೊಂಡು ಹತ್ತುವುದಿಲ್ಲ, ಎಲೆಯ ತುದಿಯ ಸಣ್ಣ ಕುಡಿಬಳ್ಳಿಯಿಂದ ಹಿಡಿದುಕೊಳ್ಳುತ್ತದೆ. ದಪ್ಪ ಕಂಬ ಕೊಟ್ಟರೆ ಹಿಡಿತ ಸಿಗುವುದಿಲ್ಲ. ಬಲೆ, ದಾರ, ಸಣ್ಣ ರೆಂಬೆ ಇದ್ದರೆ ಖುಷಿಯಿಂದ ಏರುತ್ತದೆ, ಆರಡಿ ಆರಾಮಾಗಿ ಹೋಗುತ್ತದೆ. ಬೇಲಿ ಇಲ್ಲದಿದ್ದರೆ ಪೊದೆಯ ಮೇಲೆ ಬಿಟ್ಟರೂ ನಡೆಯುತ್ತದೆ. ಗರ್ಟ್ರೂಡ್ ಜೆಕಿಲ್ ಅಂತ ಇಲ್ಲಿ ತೋಟ ಮಾಡುವವರೆಲ್ಲ ಹೆಸರು ಹೇಳುವ ಒಬ್ಬಾಕೆ ಇದ್ದರು, 1932ರಲ್ಲಿ ತೀರಿಕೊಂಡರು. ಅವರು ಡೆಲ್ಫಿನಿಯಂ ಅನ್ನುವ ಎತ್ತರದ ಗಿಡದ ಹೂ ಮುಗಿದ ಮೇಲೆ ಆ ಒಣ ದಂಟಿನ ಮೇಲೆ ಇದೇ ಬಳ್ಳಿ ಹಬ್ಬಿಸುತ್ತಿದ್ದರಂತೆ. ಜಾಣೆ ಅಲ್ವಾ, ಖಾಲಿ ಜಾಗವೂ ಮುಚ್ಚಿತು, ಕೋಲಿನ ಖರ್ಚೂ ಉಳಿಯಿತು.

ಗೊಬ್ಬರ ಗೊಬ್ಬರ ಅಂತ ಸುರಿಯಬೇಡ. ಇದು ಅವರೆ, ಹುರುಳಿ ಥರದ ಗಿಡ, ಬೇರಿನ ಗಂಟಿನಲ್ಲಿ ತನಗೆ ಬೇಕಾದ ಸಾರಜನಕ ತಾನೇ ಮಾಡಿಕೊಳ್ಳುತ್ತದೆ. ಜಾಸ್ತಿ ಹಾಕಿದರೆ ಬರೀ ಎಲೆ. ಬಿಸಿಲು ಬೇಕು, ನೀರು ನಿಲ್ಲಬಾರದು. ಬೇಸಿಗೆಯಲ್ಲಿ ತೀರಾ ಒಣಗಿಸಿದರೆ ಎಲೆ ಮೇಲೆ ಬೂದಿ ರೋಗ ಬರುತ್ತದೆ, ಅದಕ್ಕೆ ಸಂಜೆ ಬುಡಕ್ಕೆ ನೀರು ಹಾಕು.

ಹೋದ ವರ್ಷ ನಾಲ್ಕೇ ಹೂ ಬಂತು ಅಂತ ಬೇಜಾರು ಬೇಡ. ಮೊದಲ ವರ್ಷ ಅದು ಬೇರು ಊರುವುದರಲ್ಲೇ ಇರುತ್ತದೆ. ವಾಸನೆ ಇಲ್ಲ ಅಂದೆಯಲ್ಲ, ಇಲ್ಲವೇ ಇಲ್ಲ, ಘಮ ಬೇಕಾದರೆ ಸ್ವೀಟ್ ಪೀ ಹಾಕಬೇಕು, ಅದು ಒಂದೇ ವರ್ಷದ್ದು, ಪ್ರತಿ ಸಲ ಬಿತ್ತಬೇಕು. ನನಗೆ ಪ್ರತಿ ಸಲ ಬಿತ್ತುವ ಪುರುಸೊತ್ತಿಲ್ಲ, ಅದಕ್ಕೆ ಇದೇ ಸಾಕು. ಬಾಡಿದ ಹೂ ಕಾಯಿ ಕಟ್ಟುವ ಮೊದಲು ಚಿವುಟುತ್ತಾ ಬಂದರೆ ಸೆಪ್ಟೆಂಬರ್‌ವರೆಗೂ ಹೂ ಬಿಡುತ್ತದೆ. ಅತ್ತೆ ಕೇಳಿದ್ದರು, ದೇವರಿಗೆ ಇಡಬಹುದಾ ಅಂತ. ನಾನಂತೂ ಇಡುತ್ತೇನೆ, ಇಲ್ಲಿ ದಾಸವಾಳ ಎಲ್ಲಿಂದ ತರೋಣ?

ಒಂದು ಮಾತು ಮರೆಯಬೇಡ. ಕಾಯಿ ನೋಡಲು ಬಟಾಣಿ ಹಾಗೇ ಇರುತ್ತದೆ, ಆದರೆ ಕಾಳು ತಿನ್ನುವಂಥದ್ದಲ್ಲ, ವಿಷ. ಕೇಸರಿ ಬೇಳೆ ತಿಂದು ಕಾಲು ಸ್ವಾಧೀನ ತಪ್ಪಿದ ಕಥೆ ಅಜ್ಜಿ ಹೇಳುತ್ತಿದ್ದರಲ್ಲ, 1961ರಲ್ಲಿ ಭಾರತದಲ್ಲಿ ಅದರ ಮಾರಾಟಕ್ಕೇ ನಿಷೇಧ ಹಾಕಿದ್ದರು, ಇದು ಅದೇ ಕುಲದ ಗಿಡ. ನಿನ್ನ ಮಗಳು ಬಟಾಣಿ ಕಂಡರೆ ಬಿಡುವುದಿಲ್ಲ, ಅದಕ್ಕಾದರೂ ಕಾಯಿ ಬಿಡದ ಹಾಗೆ ಚಿವುಟು.

ನನ್ನ ಹತ್ತಿರ ಬಿಳಿ ಹೂವಿನದ್ದರ ಬೀಜ ಇದೆ. ಸಿಪ್ಪೆ ಗಟ್ಟಿ, ಒಂದು ಕಡೆ ಉಗುರು ಕತ್ತರಿಯಿಂದ ಸಣ್ಣದಾಗಿ ಗೀರಿ ರಾತ್ರಿಯೆಲ್ಲ ನೆನೆ ಹಾಕಿ ಬಿತ್ತಬೇಕು. ಬೇಕಾದರೆ ವಿಳಾಸ ಕಳಿಸು, ಗುಂಪಿನಲ್ಲಿ ಬೇಡ, ನನಗೊಬ್ಬಳಿಗೆ. ನನ್ನ ಸ್ಟಾಪ್ ಬಂತು, ಇಡ್ತೀನಿ.